ಚೀಟಿಯ ಮೇಲಿನ ಭಾಷೆ

ಪಂಡಿತ ಭೀಮಸೇನ ಜೋಶಿಯವರ ಬೈಠಕ್ಕುಗಳಲ್ಲಿ, ದೊಡ್ಡ ಖ್ಯಾಲೊಂದು ಮುಗಿದು ತಂಬೂರಿಯ ಶ್ರುತಿಯನ್ನು ಮತ್ತೊಮ್ಮೆ ಸರಿನೋಡಿಕೊಳ್ಳುವ ಸಣ್ಣ ವಿರಾಮದಲ್ಲಿ, ಮುಂದಿನ ಸಾಲುಗಳಿಂದ ವೇದಿಕೆಯತ್ತ ಚೀಟಿಗಳು ಕೈಯಿಂದ ಕೈಗೆ ಸಾಗುತ್ತಿದ್ದುದನ್ನು ಬಲ್ಲವರು ಅನೇಕರಿದ್ದಾರೆ. ಹುಬ್ಬಳ್ಳಿ-ಧಾರವಾಡಗಳಲ್ಲಾದರೆ ಆ ಚೀಟಿಯಲ್ಲಿ ‘ಭಾಗ್ಯದ ಲಕ್ಷ್ಮಿ ಬಾರಮ್ಮ’. ಪುಣೆಯಲ್ಲಾದರೆ ‘ತೀರ್ಥ ವಿಠ್ಠಲ’. ಇವೆರಡರಿಂದಲೂ ದೂರದ ಊರುಗಳಲ್ಲಿ ‘ಜೋ ಭಜೇ ಹರಿ ಕೋ ಸದಾ’. ಹಾಡಿನ ಹೆಸರಿನ ಮರೆಯಲ್ಲಿ ಶ್ರೋತೃವು ಬೇಡುತ್ತಿದ್ದುದು ತನ್ನ ಭಾಷೆಯನ್ನು. ಈ ಬೇಡಿಕೆಯಲ್ಲಿ ರಸಿಕತೆಯ ಪಾಲೆಷ್ಟು, ಮಮತೆಯ ಪಾಲೆಷ್ಟು, ‘ಇವರು ನಮ್ಮವರು’ ಎಂದು ಹಕ್ಕು ಹೂಡುವ ಪಾಲೆಷ್ಟು ಎಂಬುದನ್ನು ನಾವು ವಿಚಾರಮಾಡಿದ್ದು ಕಡಮೆ.

ನಮ್ಮ ಮನೆಯಲ್ಲಿ ಈ ವ್ಯಾಜ್ಯ ಬಹುಕಾಲ ನಡೆದಿತ್ತು. ಧಾರವಾಡದಲ್ಲಿದ್ದ ನಮ್ಮ ಸೋದರಮಾವನವರಿಗೂ ಪುಣೆಗೆ ಕೊಟ್ಟಿದ್ದ ಮಾವಶಿಗೂ, ಬೇಸಗೆಯ ರಜೆಯಲ್ಲಿ ಕೂಡಿದಾಗಲೆಲ್ಲ, ಯಾವ ಕ್ಯಾಸೆಟ್ಟನ್ನು ಹಚ್ಚಬೇಕೆಂಬುದರ ಮೇಲೆ ವಾಗ್ವಾದವಾಗದೆ ಊಟದ ಎಲೆ ಬೀಳುತ್ತಿರಲಿಲ್ಲ. “ಅಣ್ಣಾ, ಅವರು ವಿಠ್ಠಲಾ ಅಂದಕೂಡಲೆ ಮೈಮ್ಯಾಲೆ ಮುಳ್ಳು ಏಳತಾವ, ನಿನ್ನ ಕನ್ನಡದಾಗ ಹಂಗ ಎಲ್ಲಿ ಆಗತದ?” ಎಂದು, ತನ್ನ ಹುಟ್ಟುನುಡಿಯನ್ನು ಅಣ್ಣನಿಗೊಬ್ಬನಿಗೇ ಬಿಟ್ಟುಕೊಟ್ಟು, ಮಾವಶಿ ಕೇಳುವಳು. ಮಾವನವರು ಅಡಕಿಹೋಳನ್ನು ಬಾಯಿಗೆ ಹಾಕಿಕೊಂಡು, “ಅಲ್ಲೆ ಅವರು ಪಂಢರಪುರಕ್ಕ ಹೋಗ್ಯಾರವಾ. ಇಲ್ಲೆ ಮನಿಗೆ ಬಂದಾರ,” ಎನ್ನುವರು. ಆ ಉತ್ತರವನ್ನು ಆಗ ನಾನು ಬರಿಯ ಜಾಣತನವೆಂದು ಭಾವಿಸಿದ್ದೆ. ಅದರಲ್ಲಿ ಒಂದು ವಿಮರ್ಶೆ ಅಡಗಿದೆಯೆಂದೂ, ಆ ವಿಮರ್ಶೆ ಅರ್ಧ ಮಾತ್ರ ನಿಜವೆಂದೂ ಈಗ ತೋರುತ್ತದೆ.

1922ರಲ್ಲಿ ಗದಗಿನಲ್ಲಿ ಹುಟ್ಟಿದ ಈ ಗಾಯಕರ ತಂದೆ ಗುರುರಾಜ ಜೋಶಿಯವರು ಉಪಾಧ್ಯಾಯರು, ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದವರು. ಶಬ್ದಗಳನ್ನು ಕೂಡಿಹಾಕಿದ ತಂದೆಯ ಮಗ, ಶಬ್ದವನ್ನು ತೀರ ಕಡಮೆ ಲೆಕ್ಕಿಸುವ ಪರಂಪರೆಯೊಂದನ್ನು ಅರಸಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದನೆಂಬುದು ವಿಧಿಯ ವಿನೋದ. ಆ ಪರಂಪರೆ ಕಿರಾನಾ ಘರಾಣೆ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಭೀಮಸೇನರಿಗೆ ಇಳಿದುಬಂದ ಈ ಗಾಯನದಲ್ಲಿ ಸ್ವರವೇ ಸ್ವಾಮಿ. ಚೀಜಿನ ಮಾತು ಸ್ವರವನ್ನು ಹೊತ್ತು ನಡೆಯುವ ಬೋಯಿ. ವಿಲಂಬಿತ ಖ್ಯಾಲಿನ ವ್ರಜಭಾಷೆಯ ಎರಡು ಸಾಲುಗಳು ಆಕಾರದಲ್ಲಿ ಕರಗಿ, ಅರ್ಥವು ತಂಬೂರಿಯ ಝೇಂಕಾರದಲ್ಲಿ ಮುಳುಗಿಹೋದರೂ, ಅದರಿಂದ ಯಾರಿಗೂ ನಷ್ಟವಾದಂತೆ ಅನ್ನಿಸುವುದಿಲ್ಲ. ಆದುದರಿಂದ, ‘ಭೀಮಸೇನರು ಯಾವ ಭಾಷೆಯಲ್ಲಿ ಹಾಡಿದರೆ ಚೆನ್ನ?’ ಎಂಬ ಪ್ರಶ್ನೆಗೆ ‘ಖ್ಯಾಲಿನ ಭಾಷೆಯಲ್ಲಿ’ ಎಂದು ಉತ್ತರಿಸುವ ಪಂಡಿತರು ಆ ಪ್ರಶ್ನೆಯನ್ನು ನಯವಾಗಿ ತಳ್ಳಿಹಾಕುತ್ತಾರೆಂದೇ ಹೇಳಬೇಕು. ಅಲ್ಲಿ ಭಾಷೆಯ ಆಟ ಅಷ್ಟಾಗಿ ನಡೆಯುವುದೇ ಇಲ್ಲ.

ಕನ್ನಡಕ್ಕೆ ಬಂದಾಗ ಸಂಗತಿ ಬೇರೆ. ನಮ್ಮ ನುಡಿ ಒತ್ತಕ್ಷರಗಳ ನುಡಿ. ಹಾಡುವವನ ಉಸಿರನ್ನು ನಡುನಡುವೆ ತಡೆದು, ತುಟಿ ಮುಚ್ಚಿಸಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿಸಿ, ಆಮೇಲೆ ಮುಂದಕ್ಕೆ ಬಿಡುವಂಥದು. ಪುರಂದರದಾಸರ ‘ಭಾಗ್ಯದ ಲಕ್ಷ್ಮಿ’ಯ ಮೊದಲ ಚರಣವನ್ನೇ ನೋಡಬಹುದು. ಗೆಜ್ಜೆ, ಹೆಜ್ಜೆ, ಸಜ್ಜನ, ಮಜ್ಜಿಗೆ—ಆದಿಪ್ರಾಸದ ನಿಯಮಕ್ಕೆ ಕಟ್ಟುಬಿದ್ದು ಈ ಮಾತುಗಳೆಲ್ಲ ಒಂದೇ ‘ಜ್ಜ’ಕಾರದ ಮೇಲೆ ನಿಂತಿವೆ. ಆ ದ್ವಿತ್ವದಲ್ಲಿ ಕಂಠವು ಕ್ಷಣಮಾತ್ರ ನಿಂತು ಹೊರಡುತ್ತದೆಯಲ್ಲ, ಅದೇ ಕಾಲ್ಗೆಜ್ಜೆಯ ತಾಳ. ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಯೇ ಇಲ್ಲ. ಗದಗಿನ ಓಣಿಗಳಲ್ಲಿ ಮಾತು ಕಲಿತ ನಾಲಗೆಗೆ ಇದು ಯತ್ನವಿಲ್ಲದೆ ಸಾಧ್ಯವಾಗುತ್ತದೆ. ಭೀಮಸೇನರು ಆ ‘ಜ್ಜ’ಗಳನ್ನು ಒಂದೊಂದಾಗಿ ಊರಿ ನಡೆಯುವಾಗ, ಪರಭಾಷೆಯ ರಸಿಕನು ಕೇಳುವುದು ಶಾರೀರದ ಬಲವನ್ನು ಮಾತ್ರ, ಕನ್ನಡಿಗನಿಗೆ ಹೊಸ್ತಿಲಲ್ಲಿ ಅಡಿಯಿಡುತ್ತಿರುವ ಹೆಂಗಸಿನ ಸಪ್ಪಳವೂ ಕೇಳುತ್ತದೆ. ‘ಮನಿಗೆ ಬಂದಾರ’ ಎಂದ ಮಾವನವರ ಮಾತು ಈ ಮಟ್ಟಿಗೆ ಸತ್ಯ.

ಉಳಿದ ಅರ್ಧವನ್ನೂ ಹೇಳಬೇಕಷ್ಟೆ. ಅದೇ ಚರಣದಲ್ಲಿ ದಾಸರು ಲಕ್ಷ್ಮಿಯ ಆಗಮನವನ್ನು ಕಡೆದ ಮಜ್ಜಿಗೆಯಿಂದ ಬೆಣ್ಣೆ ತೇಲಿಬರುವುದಕ್ಕೆ ಹೋಲಿಸುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ, ಬೆಳಗಿನ ಹೊತ್ತು, ಸದ್ದಿಲ್ಲದೆ ಒದಗುವ ಭಾಗ್ಯ ಅದು. ಭೀಮಸೇನರ ಮೇಘಗಂಭೀರ ಧ್ವನಿಯಲ್ಲಿ ಬೆಣ್ಣೆ ತೇಲುವುದಿಲ್ಲ, ಸಮುದ್ರಮಥನವೇ ನಡೆಯುತ್ತದೆ. ಗೆಜ್ಜೆ ದಕ್ಕಿತು, ಮಜ್ಜಿಗೆಯ ಗಡಿಗೆ ದಕ್ಕಲಿಲ್ಲ. ಕರ್ಣಾಟಕ ಪದ್ಧತಿಯವರು ಇದನ್ನು ಮಧ್ಯಮಾವತಿಯಲ್ಲಿ ನಿಧಾನವಾಗಿ ಹಾಡುವಾಗ, ಅವರಲ್ಲಿ ಈ ಕಂಠದ ಶತಾಂಶವಿಲ್ಲದಿದ್ದರೂ, ಆ ಅಡುಗೆಮನೆ ಹೇಗೋ ಕಾಣಿಸಿಕೊಳ್ಳುತ್ತದೆ. ದಾಸರ ಪದವೆಂಬುದು ಚರಣದಿಂದ ಚರಣಕ್ಕೆ ವಿಚಾರವೊಂದನ್ನು ಬೆಳಸುವ, ಕೆಲವೊಮ್ಮೆ ಕಥೆ ಹೇಳುವ, ಕೆಲವೊಮ್ಮೆ ಕೇಳುವವನನ್ನೇ ಚುಚ್ಚುವ ರಚನೆ. ತಾನಿನ ವೇಗಕ್ಕೆ ಶಬ್ದವನ್ನು ನಡುವೆ ಮುರಿದರೆ ಅದು ಬಹುವಾಗಿ ಸಹಿಸುವುದಿಲ್ಲ. ಈ ವಿಷಯದಲ್ಲಿ ವಚನಗಳನ್ನು ಹಾಡಿದ ಮಲ್ಲಿಕಾರ್ಜುನ ಮನಸೂರರ ಎಚ್ಚರವನ್ನು ನಾನು ಹೆಚ್ಚು ಮೆಚ್ಚುತ್ತೇನೆ: ವಚನದ ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೋ ಅಲ್ಲಿಯೇ ಅವರ ಸ್ವರವೂ ಉಸಿರು ತೆಗೆದುಕೊಳ್ಳುತ್ತದೆ.

ಅಭಂಗದ ಪ್ರಕೃತಿ ಭೀಮಸೇನರಿಗೆ ಇನ್ನೊಂದು ಬಗೆಯಿಂದ ಒದಗಿಬಂತು. ವಾರಕರಿಗಳ ದಿಂಡಿಯಲ್ಲಿ, ತಾಳ-ಪಖವಾಜುಗಳ ಏರುಗತಿಯಲ್ಲಿ, ಸಾವಿರ ಬಾಯಿಗಳು ಒಂದೇ ಹೆಸರನ್ನು ಮತ್ತೆ ಮತ್ತೆ ಕೂಗುವುದಕ್ಕೆ ಹುಟ್ಟಿದ ಪ್ರಕಾರವದು. ‘ವಿಠ್ಠಲ’ ಎಂಬ ಹೆಸರಿನ ರಚನೆಯನ್ನು ಗಮನಿಸಿರಿ: ನಡುವಿನ ‘ಠ್ಠ’ ಪಖವಾಜಿನ ಪೆಟ್ಟು, ಕೊನೆಯ ‘ಲ’ ತೆರೆದ ಬಯಲು. ಪೆಟ್ಟಿನಲ್ಲಿ ನಿಂತು, ಬಯಲಿನಲ್ಲಿ ಎಷ್ಟು ದೂರ ಬೇಕಾದರೂ ಓಡಬಹುದು. ನಾಮವನ್ನು ನೂರು ಸಲ ಮುರಿದು ಕಟ್ಟಿದರೂ ಅದರ ಅರ್ಥ ಕೆಡುವುದಿಲ್ಲ. ಕಿರಾನಾ ಕಂಠದ ಸಕಲ ವೈಭವಕ್ಕೂ ಇಲ್ಲಿ ಎಡೆಯಿದೆ. ಜೊತೆಗೆ ನಾಮದೇವರ ‘ತೀರ್ಥ ವಿಠ್ಠಲ’ಕ್ಕೆ ಸ್ವರಸಂಯೋಜನೆ ಮಾಡಿದ ರಾಮ ಫಾಟಕರಂಥವರು, ಶ್ರೀನಿವಾಸ ಖಳೆಯವರಂಥವರು, ಆ ಕಂಠದ ಅಳತೆ ತೆಗೆದುಕೊಂಡು ಅಂಗಿ ಹೊಲಿದಂತೆ ಧಾಟಿಗಳನ್ನು ಕಟ್ಟಿಕೊಟ್ಟರು. ನಮ್ಮ ಕಡೆ ಅಂಥ ಸಹಯೋಗ ಅಷ್ಟು ನಿರಂತರವಾಗಿ ಬೆಳೆಯಲಿಲ್ಲವೆಂದೇ ನನಗೆ ತೋರುತ್ತದೆ. ಒಂದು ಉಜ್ಜ್ವಲವಾದ ಅಪವಾದವನ್ನು ಮಾತ್ರ ಮರೆಯಲಾಗದು: ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’ ಚಿತ್ರ. ಅದರಲ್ಲಿಯ ‘ನಂಬಿದೆ ನಿನ್ನ ನಾದದೇವತೆಯೆ’ ಗೀತದಲ್ಲಿ ‘ನಾ’ ಎಂಬ ದೀರ್ಘವೂ ‘ತೆಯೆ’ ಎಂಬ ತೆರೆದ ಕೊನೆಯೂ ಖ್ಯಾಲಿನ ಬೆಳವಣಿಗೆಗೆ ತಾವಾಗಿಯೇ ದಾರಿಬಿಡುತ್ತವೆ. ಕನ್ನಡವು ಕನ್ನಡವಾಗಿಯೇ ಉಳಿದು ಅವರ ಪೂರ್ಣಶಕ್ತಿಯನ್ನು ಹೊತ್ತ ಕೆಲವೇ ಪ್ರಸಂಗಗಳಲ್ಲಿ ಅದೊಂದು.

ಮರಾಠಿಯೂ ಕನ್ನಡವೂ ಅವರ ಕಂಠದಲ್ಲಿ ಎದುರುಬದುರಾಗಿ ನಿಂತ ನುಡಿಗಳೆಂದು ಇಷ್ಟರಿಂದ ಭಾವಿಸಬಾರದು. ಜ್ಞಾನದೇವರೇ ತಮ್ಮ ಅಭಂಗವೊಂದರಲ್ಲಿ ವಿಠ್ಠಲನನ್ನು ಕಾನಡಿಗನೆಂದು ಕರೆದಿದ್ದಾರೆ. ಪುರಂದರರ ಅಂಕಿತದಲ್ಲಿಯೂ ಅದೇ ವಿಠ್ಠಲ. ಮಾವಶಿಯನ್ನು ರೋಮಾಂಚಗೊಳಿಸಿದ ಆ ‘ಠ್ಠ’ಕಾರ ದಾಸವಾಣಿಯ ಕಡೆಯ ಚರಣದಲ್ಲಿಯೂ ಬರುತ್ತದೆ, ಆದರೆ ಒಮ್ಮೆ ಮಾತ್ರ, ಕವಿಯ ರುಜುವಾಗಿ. ಇನ್ನು, 1988ರಲ್ಲಿ ದೂರದರ್ಶನವು ಬಿತ್ತರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಗೀತದಲ್ಲಿ, ದೇಶದ ಭಾಷೆಗಳೆಲ್ಲ ಸಾಲಾಗಿ ಬರುವಲ್ಲಿ, ಗದಗಿನ ಈ ಮಹಾನುಭಾವರು ಭೈರವಿಯ ಮೊದಲ ಪಲುಕನ್ನು ಹಾಡಿದ್ದು ಹಿಂದಿಯಲ್ಲಿ. ಅಂದು ನಮ್ಮಲ್ಲಿ ಕೆಲವರು ಮುಖ ಕಿರಿದುಮಾಡಿಕೊಂಡರು. ನನಗೂ ಆ ಗಳಿಗೆಯಲ್ಲಿ ಒಂದಿಷ್ಟು ಕಸಿವಿಸಿಯಾದುದನ್ನು ಮುಚ್ಚಿಡಲಾರೆ. ಅಭಿಮಾನವು ವಿಮರ್ಶಕನನ್ನೂ ಬಿಡುವುದಿಲ್ಲ.

ನನ್ನ ಆಕ್ಷೇಪಣೆ ಇರುವುದು ನಮ್ಮ ಪ್ರೀತಿಯ ರೀತಿಯ ಮೇಲೆ. ಕನ್ನಡದಲ್ಲಿ ಹಾಡಿರೆಂದು ಕೇಳಿದ ನಾವು ಕನ್ನಡದ ಯಾವುದನ್ನು ಕೇಳಿದೆವು? ಅದೇ ನಾಲ್ಕೈದು ಪದಗಳನ್ನು. ಹರಿದಾಸ ಸಾಹಿತ್ಯವೆಂಬ ಮಹಾಸಾಗರ ಎದುರಿಗಿದ್ದಾಗ, ಕನಕದಾಸರ ಮುಂಡಿಗೆಯೊಂದನ್ನೋ, ವಿಜಯದಾಸರ ಸುಳಾದಿಯ ಒಂದು ಭಾಗವನ್ನೋ, ಅಪರಿಚಿತವಾದ ಉಗಾಭೋಗವೊಂದನ್ನೋ ಚೀಟಿಯಲ್ಲಿ ಬರೆಯುವ ಧೈರ್ಯ ಎಷ್ಟು ಮಂದಿಗೆ ಬಂತು? ತಾಳದ ಕಟ್ಟಿಲ್ಲದ ಉಗಾಭೋಗವಂತೂ ಈ ಗಾಯಕರ ಆಲಾಪಕ್ಕೆ ಹೇಳಿಮಾಡಿಸಿದ ಪಾತ್ರೆ. ಅಲ್ಲಿ ಶಬ್ದವನ್ನು ಮುರಿಯುವ ಅವಸರವಿಲ್ಲ, ಸ್ವರವನ್ನು ಹಿಡಿದಿಡುವ ನಿರ್ಬಂಧವೂ ಇಲ್ಲ. ಕೇಳುಗನು ಭಾಷೆಯನ್ನು ಬೇಡಿ, ತನಗಾಗಲೇ ಬಾಯಿಪಾಠವಾದುದನ್ನು ಮತ್ತೊಮ್ಮೆ ಪಡೆದು, ತೃಪ್ತನಾಗಿ ಮನೆಗೆ ಹೋದನು.

ಮಾವನವರ ಆ ಕ್ಯಾಸೆಟ್ಟು ಈಗ ನನ್ನ ಬಳಿಯಿದೆ. ಒಂದು ಮಗ್ಗುಲಿನ ಆರಂಭ, ಎಂದರೆ ‘ಭಾಗ್ಯದ ಲಕ್ಷ್ಮಿ’ ಇರುವ ಎಡೆ, ತಿರುಗಿಸಿ ತಿರುಗಿಸಿ ಸವೆದು, ‘ಬಾರಮ್ಮ’ ಎಂಬಲ್ಲಿ ಧ್ವನಿ ನೀರೊಳಗಿಂದ ಬಂದಂತೆ ಅಲುಗುತ್ತದೆ. ಇನ್ನೊಂದು ಮಗ್ಗುಲಿನ ಪದಗಳನ್ನು ಅವರು ಬಹುಶಃ ಎರಡು ಮೂರು ಸಲಕ್ಕಿಂತ ಹೆಚ್ಚು ಕೇಳಿರಲಾರರು. ಅಲ್ಲಿ ಪಟ್ಟಿ ಹೊಸದರಂತೆ ಕಪ್ಪಾಗಿ ಹೊಳೆಯುತ್ತಿದೆ.