ಸೋತರೆ ಮುಂದೇನು?

2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನ ವೈಟ್‌ಫೀಲ್ಡಿನಿಂದ ಹೊರಟ ನೇರಳೆ ಮಾರ್ಗದ ಮೆಟ್ರೋದಲ್ಲಿ ದಾನಿಯೊಬ್ಬರ ಯಕೃತ್ತನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ವೈದ್ಯರ ತಂಡವೊಂದು ರಾಜರಾಜೇಶ್ವರಿ ನಗರಕ್ಕೆ ಬಂತು. ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ಹೀಗೆ ನಮ್ಮ ಜನ ದಿನಾ ಕೆಲಸಕ್ಕೆ ಹೋಗಿಬರುವ ದಾರಿಯಲ್ಲೇ ಆ ಪೆಟ್ಟಿಗೆ ಸಾಗಿತು. ಮರುತಿಂಗಳು 11ರ ರಾತ್ರಿ ಹಸಿರು ಮಾರ್ಗದಲ್ಲಿ ಗೊರಗುಂಟೆಪಾಳ್ಯದಿಂದ ಸಂಪಿಗೆ ರಸ್ತೆಗೆ ಹೋದದ್ದು ಹೃದಯ. ಅದಕ್ಕೂ ಹನ್ನೊಂದು ವರ್ಷ ಮೊದಲು, 2014ರ ಸೆಪ್ಟೆಂಬರ್ 3ರಂದು, ಕೆಂಗೇರಿಯ ಬಿಜಿಎಸ್ ಗ್ಲೋಬಲ್ ಆಸ್ಪತ್ರೆಯಿಂದ ಹೊರಟ ಹೃದಯವೊಂದು ಪೊಲೀಸರು ತೆರವು ಮಾಡಿಕೊಟ್ಟ ರಸ್ತೆಯಲ್ಲಿ ವಿಮಾನ ನಿಲ್ದಾಣ ತಲುಪಿ, ಚೆನ್ನೈಗೆ ಹಾರಿತ್ತು. ದಾನಿಯ ದೇಹದಿಂದ ತೆಗೆದ ಹೃದಯಕ್ಕೆ ಇರುವ ಅವಧಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಅಷ್ಟರೊಳಗೆ ಅದು ಇನ್ನೊಂದು ಎದೆಯಲ್ಲಿ ಮಿಡಿಯಬೇಕು. ಬಂದ ಹೃದಯದ ಈ ಓಟವನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹೃದಯ ಬಾರದೆ ಕಾಯುತ್ತ ಕೂತ ಮನೆಗಳ ಮುಂದೆ ಯಾವ ಆಯ್ಕೆ ಇಡಲಾಗುತ್ತದೆ, ಅದನ್ನು ಹೇಗೆ ಇಡಲಾಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಆ ಮನೆಗಳಲ್ಲಿ ನಡೆಯುವ ಮಾತು ಪರಿಚಿತ. ಎಕೋ ಮಾಡಿಸಿದರು, ಪಂಪಿಂಗ್ ಇಪ್ಪತ್ತಕ್ಕೆ ಇಳಿದಿದೆಯಂತೆ, ಹೃದಯ ದೊಡ್ಡದಾಗಿದೆಯಂತೆ, ಬೇರೆ ಹೃದಯ ಹಾಕಬೇಕಂತೆ. ಅದು ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ಹೊಸ ಆಪರೇಷನ್ ಒಂದರ ಮಾತೆತ್ತುತ್ತಾರೆ: ರಿಸ್ಕ್ ಇದೆ, ಆದರೆ ಕಾಯಬೇಕಿಲ್ಲ. ಮನೆಯವರು ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗತೊಡಗುತ್ತಾರೆ. ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ‘ಯಾವುದರಲ್ಲಿ ಅಪಾಯ ಕಮ್ಮಿ ಡಾಕ್ಟ್ರೇ?’ ಈ ತೂಗುವ ಕ್ರಮದಲ್ಲೇ ದೋಷವಿದೆ ಎಂಬುದು ನನ್ನ ವಾದ. ಕಸಿ ಮತ್ತು ಪ್ರಯೋಗ ಒಂದೇ ಕವಲಿನಿಂದ ಹೊರಡುವ ಎರಡು ಸಮಾನ ದಾರಿಗಳಂತೆ ಕಾಣುತ್ತವೆ, ಹಾಗಿಲ್ಲ. ಪ್ರಯೋಗದ ಶಸ್ತ್ರಚಿಕಿತ್ಸೆಯನ್ನು ಅಳೆಯಬೇಕಾದ್ದು ಅದು ಸೋತಾಗ ಕಸಿಯ ದಾರಿ ತೆರೆದಿರುತ್ತದೆಯೇ ಎಂಬುದರಿಂದ. ಟೇಬಲ್ ಮೇಲಿನ ಸಾವಿನ ಶೇಕಡಾ ಲೆಕ್ಕ ಅದಾದ ಮೇಲಿನದು.

ಈ ಮಾತಿಗೆ ಬ್ರೆಜಿಲ್‌ನ ಶಸ್ತ್ರವೈದ್ಯ ರಾಂಡಾಸ್ ಬಟಿಸ್ಟಾ ಅವರ ಆಪರೇಷನ್‌ಗಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. 1990ರ ದಶಕದಲ್ಲಿ ಕುರಿಚಿಬಾ ಬಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರು ಮಾಡುತ್ತಿದ್ದುದು ಕೇಳಿದರೆ ಎದೆ ಝಲ್ಲೆನ್ನುವ ಕೆಲಸ. ಊದಿಕೊಂಡ ಹೃದಯದ ಎಡ ಕೋಣೆಯ ಗೋಡೆಯಿಂದ ಮಾಂಸದ ಒಂದು ತುಂಡನ್ನು ಕತ್ತರಿಸಿ ತೆಗೆದು, ಉಳಿದ ಅಂಚುಗಳನ್ನು ಕೂಡಿಸಿ ಹೊಲಿಯುವುದು. ಈಗಾಗಲೇ ಸೋತ ಸ್ನಾಯುವನ್ನು ಇನ್ನಷ್ಟು ಕತ್ತರಿಸುವುದೆಂದರೇನು? ಆದರೆ ಅದರ ಹಿಂದೆ ಗಟ್ಟಿಯಾದ ಭೌತಶಾಸ್ತ್ರವಿತ್ತು. ಕೋಣೆ ಅಗಲವಾದಷ್ಟೂ ಅಷ್ಟೇ ಒತ್ತಡ ಹುಟ್ಟಿಸಲು ಗೋಡೆ ಹೆಚ್ಚು ಬಿಗಿತ ಹೊರಬೇಕು ಎನ್ನುವುದು ಲಾಪ್ಲಾಸ್ ನಿಯಮ. ಹಾಗಾದರೆ ಕೋಣೆಯನ್ನು ಚಿಕ್ಕದು ಮಾಡಿದರೆ ಸ್ನಾಯುವಿನ ಹೊರೆ ಇಳಿಯಬೇಕು. ದಾನಿ ಬೇಡ, ಪ್ರತಿರೋಧ ತಗ್ಗಿಸುವ ದುಬಾರಿ ಮಾತ್ರೆ ಬೇಡ. ಕಸಿಯ ಸೌಕರ್ಯವಿಲ್ಲದ ಬಡ ದೇಶಗಳಿಗೆ ಇದು ವರದಂತೆ ಕಂಡದ್ದು ಸಹಜ. ಬಟಿಸ್ಟಾ ನೂರಾರು ಜನರಿಗೆ ಹೀಗೆ ಮಾಡಿದರು. ಆದರೆ ದೂರದೂರದಿಂದ ಬಂದ ಆ ರೋಗಿಗಳು ಊರಿಗೆ ಮರಳಿದ ಮೇಲೆ ಏನಾದರು ಎಂಬ ಲೆಕ್ಕ ಪೂರ್ತಿಯಾಗಿ ದಕ್ಕಲಿಲ್ಲ.

ಲೆಕ್ಕ ದಕ್ಕಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. 1996ರಿಂದ ಅಲ್ಲಿ 62 ರೋಗಿಗಳಿಗೆ ಇದೇ ಆಪರೇಷನ್ ಮಾಡಿ, ಪ್ರತಿಯೊಬ್ಬರನ್ನೂ ಬೆನ್ನುಹತ್ತಿ ದಾಖಲಿಸಿದರು. ಆ ಅಂಕಿಗಳನ್ನು ನಿಧಾನವಾಗಿ ಓದಬೇಕು. ಒಂದು ವರ್ಷದ ಕೊನೆಗೆ ಬದುಕಿದ್ದವರು ಶೇ 80, ಮೂರು ವರ್ಷಕ್ಕೆ ಶೇ 60. ಮನೆಯವರ ಮುಂದೆ ಇಷ್ಟನ್ನೇ ಇಟ್ಟರೆ ಯಾರು ತಾನೆ ಬೇಡ ಎಂದಾರು? ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಆಪರೇಷನ್ ವಿಫಲವಾಯಿತೆಂದು ಬರೆಯಬೇಕಾಗದೆ ಉಳಿದವರು ಮೊದಲ ವರ್ಷಕ್ಕೆ ಶೇ 49, ಮೂರು ವರ್ಷಕ್ಕೆ ಬರೀ ಶೇ 26. ಅರವತ್ತಕ್ಕೂ ಇಪ್ಪತ್ತಾರಕ್ಕೂ ನಡುವಿನ ಮೂವತ್ತನಾಲ್ಕರಲ್ಲಿ ಇಡೀ ಕಥೆ ಅಡಗಿದೆ. ಆ ಶೇ 34 ಜನರಿಗೆ ಬಟಿಸ್ಟಾ ಆಪರೇಷನ್ ಕೈಕೊಟ್ಟಿತ್ತು, ಆದರೂ ಜೀವ ಉಳಿದಿತ್ತು. ಕಾರಣ, ಆ 62 ಜನರಲ್ಲಿ ಬಹುತೇಕ ಎಲ್ಲರೂ ಮೊದಲೇ ಕಸಿಗೆ ಅರ್ಹರೆಂದು ಗುರುತಿಸಿದವರು. ಆಪರೇಷನ್ ಸೋತಾಗ ಹೃದಯದ ಕೆಲಸ ಮಾಡುವ ಪಂಪ್ ಅದೇ ಆಸ್ಪತ್ರೆಯಲ್ಲಿತ್ತು, ಕಸಿಯ ತಂಡವೂ ಇತ್ತು. ಬ್ರೆಜಿಲ್‌ನ ಆ ಸಣ್ಣ ಆಸ್ಪತ್ರೆಯಲ್ಲಿ ಮತ್ತು ಕ್ಲೀವ್‌ಲ್ಯಾಂಡಿನಲ್ಲಿ ಚಾಕು ಓಡಿದ್ದು ಹೃದಯದ ಅದೇ ಜಾಗದಲ್ಲಿ, ಹೊಲಿಗೆ ಹಾಕಿದ್ದೂ ಅದೇ ರೀತಿ. ಆದರೂ ರೋಗಿಯ ಪಾಲಿಗೆ ಅವು ಬೇರೆಬೇರೆ ಚಿಕಿತ್ಸೆಗಳು. ಒಂದರಲ್ಲಿ ಸೋಲೆಂದರೆ ಸಾವು, ಇನ್ನೊಂದರಲ್ಲಿ ಸೋಲೆಂದರೆ ಮತ್ತೆ ಕಸಿಯ ಪಟ್ಟಿ. ಅಷ್ಟೆಲ್ಲ ಬೆಂಬಲವಿದ್ದೂ ಕ್ಲೀವ್‌ಲ್ಯಾಂಡ್ ವೈದ್ಯರು ಇದನ್ನು ಕಸಿಗೆ ಪರ್ಯಾಯವೆಂದು ಒಪ್ಪಲಿಲ್ಲ. ಯಾರಿಗೆ ಫಲಿಸುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಲಾಗದು ಎಂಬುದು ಅವರ ತೀರ್ಮಾನವಾಗಿತ್ತು. 2005ರ ಹೊತ್ತಿಗೆ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ಇದನ್ನು ಮಾಡಕೂಡದ ಚಿಕಿತ್ಸೆಗಳ ಸಾಲಿಗೆ ಸೇರಿಸಿತು.

ತರ್ಕ ಸರಿಯಿದ್ದೂ ಫಲ ಸಿಗದ ಇನ್ನೊಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಡಬಹುದು. ಹೃದಯಾಘಾತದಿಂದ ಊದಿಕೊಂಡ ಹೃದಯವನ್ನು ಬೈಪಾಸ್ ಜೊತೆಗೇ ಮೊದಲಿನ ಆಕಾರಕ್ಕೆ ತರುವ ಶಸ್ತ್ರಚಿಕಿತ್ಸೆಯನ್ನು ಸ್ಟಿಚ್ ಎಂಬ ಅಧ್ಯಯನ ಸಾವಿರ ರೋಗಿಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಬರೀ ಬೈಪಾಸ್ ಆದವರಲ್ಲಿ ಹೃದಯದ ಗಾತ್ರ ಶೇ 6ರಷ್ಟು ಇಳಿದರೆ, ಆಕಾರ ತಿದ್ದಿಸಿಕೊಂಡವರಲ್ಲಿ ಶೇ 19ರಷ್ಟು ಇಳಿದಿತ್ತು. ಎಕೋ ರಿಪೋರ್ಟ್ ನೋಡಿದರೆ ಗೆದ್ದಂತೆಯೇ. ಆದರೆ ಸತ್ತವರು ಅಥವಾ ಹೃದಯದ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಒಂದು ಗುಂಪಿನಲ್ಲಿ ಶೇ 59, ಇನ್ನೊಂದರಲ್ಲಿ ಶೇ 58. ಹೃದಯ ಚಿಕ್ಕದಾಯಿತು, ಹಣೆಬರಹ ಬದಲಾಗಲಿಲ್ಲ. ಪಂಪಿಂಗ್ ಇಷ್ಟರಿಂದ ಇಷ್ಟಕ್ಕೆ ಏರಿತು ಎಂಬ ಮಾತಿಗೆ ಕಿವಿ ನೆಟ್ಟಗಾಗಿಸುವ ನಮ್ಮ ಮನೆಗಳು ನೆನಪಿಡಬೇಕಾದ ಅಂಕಿ ಇದು.

ಇದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪವನ್ನು ಮರೆಮಾಚುವಂತಿಲ್ಲ. ಹೃದಯ ಕಸಿಯೂ ಒಂದು ಕಾಲಕ್ಕೆ ಹುಚ್ಚು ಸಾಹಸವೇ ಆಗಿತ್ತಲ್ಲ? 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮಾಡಿದ ಮೊದಲ ಕಸಿಯ ರೋಗಿ ಬದುಕಿದ್ದು 18 ದಿನ. ಕೆಲವೇ ವಾರಗಳಲ್ಲಿ, 1968ರ ಫೆಬ್ರುವರಿಯಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಮಾಡಿದ ಕಸಿಯ ರೋಗಿ ಕೆಲವು ಗಂಟೆಗಳಲ್ಲೇ ತೀರಿಕೊಂಡರು. ಅಂದು ಯಾರೂ ಧೈರ್ಯ ಮಾಡದಿದ್ದರೆ 1994ರ ಆಗಸ್ಟ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ವೇಣುಗೋಪಾಲ್ ಅವರ ಕೈಯಲ್ಲಿ ಭಾರತದ ಮೊದಲ ಯಶಸ್ವಿ ಕಸಿ ನಡೆಯುತ್ತಿತ್ತೇ? ಮಾತು ನಿಜ. ಆದರೆ ನಡುವೆ ಏನಾಯಿತೆಂದು ನೋಡಿ. 1968ರ ಒಂದೇ ವರ್ಷದಲ್ಲಿ ಜಗತ್ತಿನ ಹತ್ತಾರು ಆಸ್ಪತ್ರೆಗಳು ಸುಮಾರು ನೂರು ಕಸಿ ಮಾಡಿದವು, ರೋಗಿಗಳು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಬಹುತೇಕ ಎಲ್ಲರೂ ಕೈಬಿಟ್ಟರು. ಬಿಡದೆ ಹಿಡಿದವರಲ್ಲಿ ಮುಖ್ಯರು ಸ್ಟ್ಯಾನ್‌ಫೋರ್ಡ್‌ನ ನಾರ್ಮನ್ ಶಂವೇ. ಅವರು ದೇಹ ಹೊಸ ಹೃದಯವನ್ನು ಯಾಕೆ ತಿರಸ್ಕರಿಸುತ್ತದೆ, ಅದನ್ನು ಮುಂಚಿತವಾಗಿ ಪತ್ತೆಹಚ್ಚುವುದು ಹೇಗೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟುಕೊಂಡು ದುಡಿದರು. 1980ರ ದಶಕದಲ್ಲಿ ಆ ತಿರಸ್ಕಾರವನ್ನು ತಡೆಯುವ ಸೈಕ್ಲೋಸ್ಪೋರಿನ್ ಔಷಧಿ ಬಂದ ಮೇಲೆ ಕಸಿ ನಿಜವಾದ ಚಿಕಿತ್ಸೆಯಾಯಿತು. ಅದನ್ನು ಸಾಹಸದಿಂದ ಚಿಕಿತ್ಸೆಯ ಮಟ್ಟಕ್ಕೆ ಏರಿಸಿದ್ದು ಈ ಲೆಕ್ಕದ ಶಿಸ್ತು. ಹಾಗಾಗಿ ಪ್ರಯೋಗ ಬೇಡವೆಂದು ನಾನು ಹೇಳುತ್ತಿಲ್ಲ. ಸೋತವರನ್ನೂ ಎಣಿಸುವ, ಆ ಎಣಿಕೆಯನ್ನು ಮುಂದಿನ ರೋಗಿಗೆ ತೋರಿಸುವ ಪ್ರಯೋಗ ಬೇಕು ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪ ಮನೆಮಂದಿಯದು, ಅದಕ್ಕೆ ಉತ್ತರಿಸುವುದು ಇನ್ನೂ ಕಷ್ಟ. ‘ಸುಮ್ಮನಿದ್ದರೆ ಹೋಗೋದು ಗ್ಯಾರಂಟಿ, ಏನೋ ಒಂದು ಮಾಡಿಬಿಡೋಣ.’ ಆ ಕರುಳಿನ ಸಂಕಟವನ್ನು ಯಾರೂ ಹಗುರವಾಗಿ ಕಾಣಬಾರದು. ಒ ರಕ್ತದ ಗುಂಪಿನವರು ಎಲ್ಲರಿಗಿಂತ ಹೆಚ್ಚು ಕಾಯಬೇಕಾಗುತ್ತದೆ. ದಾನಿಯ ಮತ್ತು ರೋಗಿಯ ಮೈಕಟ್ಟು ಹೊಂದಬೇಕು. ದಾನಿ ಸಿಕ್ಕರೂ ಹೃದಯ ಕಸಿಗೆ ಒದಗದೇ ಹೋಗಬಹುದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯಗೊಂಡಾಗ ಕುಟುಂಬದವರು ಅಂಗಾಂಗ ದಾನ ಮಾಡಿದರು, ಆಗ ಹೃದಯದಿಂದ ಪಡೆದದ್ದು ಕವಾಟಗಳನ್ನು. ಆದರೂ ‘ಗ್ಯಾರಂಟಿ’ ಎಂಬ ಮಾತನ್ನು ಪ್ರಶ್ನಿಸಲೇಬೇಕು. ಬೀಟಾ ಬ್ಲಾಕರ್ ಮತ್ತು ಆಮೇಲೆ ಬಂದ ಔಷಧಿಗಳನ್ನು ಸರಿಯಾದ ಪ್ರಮಾಣಕ್ಕೆ ಏರಿಸಿದಾಗ ಊದಿದ ಹೃದಯ ತಾನಾಗಿ ಕುಗ್ಗಿದ ರೋಗಿಗಳಿದ್ದಾರೆ. ಬಾಣಂತನದ ಹೊತ್ತಿಗೆ ಹೃದಯ ಸೋತ ಹೆಂಗಸರಲ್ಲಿ ಅನೇಕರು ಚೇತರಿಸಿಕೊಳ್ಳುತ್ತಾರೆ. ಇನ್ನೂ ಒಂದು ಕಹಿ ಸತ್ಯವಿದೆ: ‘ಇನ್ನೇನೂ ಉಳಿದಿಲ್ಲ’ ಎನ್ನುವ ಸ್ಥಿತಿಗೆ ಬಂದ ದೇಹವೇ ದೊಡ್ಡ ಪ್ರಯೋಗವನ್ನು ಅತಿ ಕಡಿಮೆ ತಾಳಿಕೊಳ್ಳುವ ದೇಹ. ಪ್ರಯೋಗ ಸೋತರೆ ಕೈಯಲ್ಲಿದ್ದ ಕಸಿಯ ದಾರಿಯೂ ಕಿರಿದಾಗುತ್ತದೆ. ಒಮ್ಮೆ ಎದೆಮೂಳೆ ಸೀಳಿದ ಮೇಲೆ ಹೃದಯ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ಶಸ್ತ್ರವೈದ್ಯ ಅದನ್ನು ಬಿಡಿಸಿಕೊಂಡು ಒಳಗೆ ಹೋಗುವಾಗ ರಕ್ತಸ್ರಾವ ಹೆಚ್ಚು. ಮೊದಲ ಆಪರೇಷನ್‌ನಲ್ಲಿ ಕೊಟ್ಟ ರಕ್ತ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿದರೆ ಹೊಂದುವ ದಾನಿ ಸಿಗುವುದು ಮತ್ತಷ್ಟು ಅಪರೂಪ.

ಇನ್ನು ಕೆಲವರ ಹಿಂಜರಿಕೆ ಬೇರೆಯದೇ ಬಗೆಯದು. ‘ಇನ್ನೊಬ್ಬರ ಸಾವಿಗೆ ಕಾಯುತ್ತ ಕೂರೋದಾ? ಅದಕ್ಕಿಂತ ನಮ್ಮ ಹೃದಯವನ್ನೇ ರಿಪೇರಿ ಮಾಡಿಸೋಣ’ ಎನ್ನುವವರಿದ್ದಾರೆ. ಈ ಮಾತಿನ ಹಿಂದೆ ಒಳ್ಳೆಯ ಮನಸ್ಸಿದೆ, ಅದಕ್ಕೇ ಅದಕ್ಕೆ ನೇರ ಉತ್ತರ ಸಲ್ಲಬೇಕು. ಕಾಯುವವರ ಆಸೆಗೂ ಆ ಸಾವಿಗೂ ಯಾವ ಕೊಂಡಿಯೂ ಇರದಂತೆ 1994ರ ಅಂಗಾಂಗ ಕಸಿ ಕಾಯ್ದೆ ಗೋಡೆ ಕಟ್ಟಿದೆ. ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆ ಅಂತರದಲ್ಲಿ, ಎರಡು ಸಲ ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿರುವಂತಿಲ್ಲ. ಅಂಗ ಯಾರಿಗೆ ಸಲ್ಲಬೇಕೆಂಬ ಸರದಿಯನ್ನು ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಸಂಸ್ಥೆ. 2023ರಲ್ಲಿ ಕರ್ನಾಟಕದಲ್ಲಿ 178 ಕುಟುಂಬಗಳು ಹೀಗೆ ತಮ್ಮವರ ಅಂಗಾಂಗ ದಾನ ಮಾಡಿದವು. ಆ ಸಾವುಗಳು ಯಾರೂ ಕಾಯದಿದ್ದರೂ ಆಗುತ್ತಿದ್ದವು. ಪಾಪಪ್ರಜ್ಞೆಯಿಂದ ಕಸಿಯನ್ನು ಬಿಟ್ಟುಕೊಡುವ ರೋಗಿ ಯಾರ ಜೀವವನ್ನೂ ಉಳಿಸಿದಂತಾಗುವುದಿಲ್ಲ.

ಕಸಿಯೇನೂ ಹೂವಿನ ಹಾಸಿಗೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಜೀವಮಾನವಿಡೀ ಮಾತ್ರೆ, ಹೆಜ್ಜೆಹೆಜ್ಜೆಗೆ ಸೋಂಕಿನ ಭಯ, ಮತ್ತೆಮತ್ತೆ ಬಯಾಪ್ಸಿ. ಒಂದು ಕಾಯಿಲೆ ಕೊಟ್ಟು ಇನ್ನೊಂದನ್ನು ತೆಗೆದುಕೊಂಡ ಹಾಗೆ. ಆದರೂ ಜಗತ್ತಿನ ಅನುಭವದಲ್ಲಿ ಕಸಿಯಾದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಹತ್ತು ವರ್ಷ ದಾಟುತ್ತಾರೆ. ಶೇ 26ರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಮಾತು ಇದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿಯೋ, ಕ್ಯಾನ್ಸರ್ ಇದ್ದೋ ಕಸಿಗೆ ಅರ್ಹರಲ್ಲದವರಿಗೆ ಮಾತ್ರ ನನ್ನ ವಾದ ಅನ್ವಯಿಸದು. ಅವರಿಗೆ ಕಳೆದುಕೊಳ್ಳಲು ಕಸಿಯ ದಾರಿಯೇ ಇಲ್ಲ. ನೀತಿ ಸಮಿತಿಯ ಒಪ್ಪಿಗೆ ಪಡೆದ, ಫಲಿತಾಂಶ ಪ್ರಕಟಿಸುವ ಪ್ರಯೋಗಕ್ಕೆ ಅವರು ಕಣ್ಣು ತೆರೆದು ಸೇರಿದರೆ ಅದು ಪೂರ್ಣ ಗೌರವಕ್ಕೆ ಅರ್ಹವಾದ ನಿರ್ಧಾರ.

ವಯಸ್ಕ ರೋಗಿ ತನ್ನ ದೇಹದ ಮೇಲೆ ತಾನೇ ತೀರ್ಮಾನಿಸುತ್ತಾನೆ, ನೀವ್ಯಾರು ತಡೆಯಲಿಕ್ಕೆ ಎಂದು ಕೇಳಬಹುದು. ತಡೆಯುವ ಮಾತಿಲ್ಲ. ತೀರ್ಮಾನಿಸಲು ಬೇಕಾದದ್ದನ್ನು ಕೊಟ್ಟಿದ್ದಾರೆಯೇ ಎನ್ನುವುದಷ್ಟೇ ಪ್ರಶ್ನೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಹೊಸ ಔಷಧಿಯ ಪರೀಕ್ಷೆಗೆ 2019ರ ನಿಯಮಗಳ ಬಿಗಿಯಾದ ಕಾವಲಿದೆ. ಹೊಸ ಬಗೆಯ ಹೊಲಿಗೆಗೆ, ಹೊಸ ಬಗೆಯ ಕತ್ತರಿಕೆಗೆ ಅಂಥ ಕಾವಲು ತೀರಾ ತೆಳು. ಅದು ಬಹುಮಟ್ಟಿಗೆ ಶಸ್ತ್ರವೈದ್ಯರ ಆತ್ಮಸಾಕ್ಷಿಗೆ ಬಿಟ್ಟದ್ದು. ಆದ್ದರಿಂದಲೇ ಒಪ್ಪಿಗೆ ಪತ್ರ ಬರೀ ಸಹಿಯ ಕಾಗದವಾಗಬಾರದು. ಈಗ ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಆಪರೇಷನ್ ಹೆಸರು ಬರೆಯಲು ಒಂದು ಖಾಲಿ ಗೆರೆ, ಕೆಳಗೆ ಸಾಕ್ಷಿಯ ಸಹಿಗೆ ಇನ್ನೊಂದು. ಪ್ರಯೋಗದ ಶಸ್ತ್ರಚಿಕಿತ್ಸೆಯಾದರೆ ಅದರಲ್ಲಿ ಮೂರು ಉತ್ತರಗಳು ಕನ್ನಡದಲ್ಲಿ, ವೈದ್ಯರ ಕೈಬರಹದಲ್ಲಿ ಇರಬೇಕು. ಇದನ್ನು ಈ ತಂಡ ಎಷ್ಟು ಜನರಿಗೆ ಮಾಡಿದೆ, ಅವರಲ್ಲಿ ಇಂದು ಎಷ್ಟು ಜನ ಎರಡನೆಯ ಆಪರೇಷನ್ ಇಲ್ಲದೆ ಬದುಕಿದ್ದಾರೆ? ಇದು ಸೋತ ರಾತ್ರಿ ರಕ್ತ ಪಂಪ್ ಮಾಡಿ ಜೀವ ಹಿಡಿದಿಡುವ ಯಂತ್ರ ಈ ಕಟ್ಟಡದಲ್ಲೇ ಇದೆಯೇ? ಆಪರೇಷನ್ ಆದ ಮೇಲೂ ರೋಗಿಯ ಹೆಸರು ಕಸಿಯ ಪಟ್ಟಿಯಲ್ಲಿ ಉಳಿಯುತ್ತದೆಯೇ? ಮೂರನೆಯದಕ್ಕೆ ‘ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ, ಪೆನ್ನು ಕೆಳಗಿಟ್ಟು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಮನೆಯವರಿಗೆ ಎಲ್ಲ ಹಕ್ಕೂ ಇದೆ.