ಹಾಸಿಗೆ ಬೇಡದ ಚಿಕಿತ್ಸೆ

ಶರೀರದ ವ್ಯಾಧಿಗೆ ಯಾವ ಆಧಾರದ ಮೇಲೆ ವಿಮಾಸೌಲಭ್ಯವುಂಟೋ ಅದೇ ಆಧಾರದ ಮೇಲೆ ಮನಸ್ಸಿನ ವ್ಯಾಧಿಗೂ ಅದು ದೊರೆಯತಕ್ಕುದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 21ನೆಯ ಪ್ರಕರಣವು ವಿಧಿಸಿತು. ಮನೋರೋಗವನ್ನು ಹಣ ಸಲ್ಲದ ರೋಗಗಳ ಸಾಲಿನಲ್ಲಿ ನಿಲ್ಲಿಸಿ ನಿಶ್ಚಿಂತವಾಗಿದ್ದ ಕಂಪನಿಗಳು ಇದಕ್ಕೆ ಸುಲಭವಾಗಿ ಮಣಿಯಲಿಲ್ಲ; 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆ, 2021ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು, ಕಡೆಗೆ 2022ರ ಅಕ್ಟೋಬರ್ ತಿಂಗಳ ಗಡುವು, ಇಷ್ಟೂ ಬೇಕಾಯಿತು. ಇಂದು ಪಾಲಿಸಿಯ ಕಾಗದದಲ್ಲಿ ಸಮಾನತೆ ಅಚ್ಚಾಗಿದೆ. ಆದರೆ ಅದನ್ನು ಅಳೆದ ಕೋಲು ಶರೀರದ್ದೇ ಆದುದರಿಂದ, ಮಕ್ಕಳ ಪಾಲಿಗೆ ಆ ಸಮಾನತೆ ಬಹುಮಟ್ಟಿಗೆ ಬರಿದೆಂಬುದು ನನ್ನ ಆಕ್ಷೇಪ.

ವಿಮೆಯ ಪರಿಭಾಷೆಯಲ್ಲಿ ಆಸ್ಪತ್ರೆವಾಸವೆಂದರೆ ಸಾಮಾನ್ಯವಾಗಿ ಎಡೆಬಿಡದ 24 ಗಂಟೆಗಳ ಒಳರೋಗಿ ಚಿಕಿತ್ಸೆ. ಮುರಿದ ಮೂಳೆಯ ಶಸ್ತ್ರಕ್ರಿಯೆಗೆ ಈ ಲಕ್ಷಣ ಒಪ್ಪೀತು. ಶಾಲೆಯ ಹೆಸರೆತ್ತಿದರೆ ನಡುಗುವ ಹುಡುಗಿಗೆ, ಮಾತು ತಡವಾದ ಕೂಸಿಗೆ, ಒಂದೆಡೆ ಕುಳಿತಿರಲಾರದ ಬಾಲಕನಿಗೆ ಬೇಕಾದುದಾದರೋ ಮಂಚವಲ್ಲ; ವಾರಕ್ಕೊಮ್ಮೆಯೋ ಎರಡು ಸಲವೋ ತಜ್ಞರೆದುರಿನಲ್ಲಿ ಆಡುತ್ತ, ಮಾತಾಡುತ್ತ ಕಳೆಯುವ ಮುಕ್ಕಾಲು ಗಂಟೆ, ಜೊತೆಗೆ ತಂದೆತಾಯಿಗಳಿಗೆ ದೊರೆಯುವ ತಿಳಿವಳಿಕೆ, ಅದೂ ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ. ಈ ವೆಚ್ಚವೆಲ್ಲ ಹೊರರೋಗಿಯ ಲೆಕ್ಕಕ್ಕೆ ಬಿದ್ದು, ಹೆಚ್ಚಿನ ಕಂತು ತೆತ್ತು ಕೊಂಡ ಕೆಲವು ಪಾಲಿಸಿಗಳ ಹೊರತು, ಹೆತ್ತವರ ಜೇಬಿನಿಂದಲೇ ಹೋಗುತ್ತದೆ. ಮಗುವಿನ ಸ್ಥಿತಿ ದಾಖಲು ಮಾಡುವಷ್ಟು ವಿಷಮಿಸಿದಾಗ ಹಣ ಕೊಡುವವರು, ವಿಷಮಿಸದಂತೆ ತಡೆಯಬಹುದಾದ ಕಾಲದಲ್ಲಿ ಕೈ ಬಿಗಿಹಿಡಿಯುವುದು, ಕರುಣೆಯ ಮಾತು ಹಾಗಿರಲಿ, ವ್ಯಾಪಾರದ ಜಾಣತನವೂ ಅಲ್ಲ.

ಬೇರೆ ಮಾದರಿಯೇ ಇಲ್ಲವೆನ್ನುವಂತಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಆಶ್ರಯದಲ್ಲಿ ನಡೆಯುವ ‘ನಿರಾಮಯ’ ಯೋಜನೆಯು ಒಂದು ಲಕ್ಷ ರೂಪಾಯಿಗಳ ಮಿತಿಯೊಳಗೆ ಹೊರರೋಗಿ ಚಿಕಿತ್ಸೆಯನ್ನೂ ಥೆರಪಿಗಳನ್ನೂ, ಅಷ್ಟೇಕೆ, ಓಡಾಟದ ಖರ್ಚನ್ನೂ ಒಳಗೊಳ್ಳುತ್ತದೆ. ಬಸ್ಸಿನ ದುಡ್ಡನ್ನೂ ನೆನೆದ ಆ ವಿವೇಕಕ್ಕೆ ತಲೆಬಾಗಬೇಕು. ಆದರೆ ಅದರ ಬಾಗಿಲು ತೆರೆಯುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಈ ನಾಲ್ಕಕ್ಕೇ. ಖಿನ್ನತೆಯೂ ಆತಂಕವೂ ಹೊರಗೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತೆಂಬುದನ್ನು ನೆನೆದರೆ, ಹೊರಗುಳಿದವರ ಗುಂಪು ಚಿಕ್ಕದಲ್ಲ.

ಹಣದ ಮಾತಿನಾಚೆಗೆ ಆಸರೆಯುಂಟು. 14416ಕ್ಕೆ ಕರೆಮಾಡಿದರೆ ಟೆಲಿ-ಮಾನಸ್‌ನಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ, ಉಚಿತವಾಗಿ ಆಪ್ತಸಮಾಲೋಚಕರು ದೊರೆಯುತ್ತಾರೆ. ಚಿಕ್ಕ ಮಕ್ಕಳ ಬೆಳವಣಿಗೆಯ ಕುಂದನ್ನು ಪರೀಕ್ಷಿಸುವ ಕೇಂದ್ರಗಳು ಜಿಲ್ಲಾಸ್ಪತ್ರೆಗಳಲ್ಲಿವೆ. ಇವೆಲ್ಲ ಒಳ್ಳೆಯ ಆರಂಭಗಳೇ. ಆದರೆ ಆರಂಭದ ಆಸರೆಯನ್ನು ತಿಂಗಳುಗಟ್ಟಲೆಯ ಚಿಕಿತ್ಸೆಯಾಗಿ ಮುಂದುವರಿಸಲು ಮತ್ತೆ ಹಣವೇ ಬೇಕು. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೂ ಡಯಾಲಿಸಿಸ್ಸಿಗೂ 24 ಗಂಟೆಗಳ ನಿಯಮವನ್ನು ಸಡಿಲಿಸಿ, ಬಂದು ಹೋಗುವ ರೋಗಿಗೂ ಹಣ ಸಲ್ಲಿಸಲು ಒಪ್ಪಿರುವ ವಿಮಾಪದ್ಧತಿಯು, ಮಗುವಿನ ಆ ಮುಕ್ಕಾಲು ಗಂಟೆಯನ್ನು ಅದೇ ಪಟ್ಟಿಗೆ ಸೇರಿಸಲು ಹೊಸ ಕಾಯಿದೆಯೇನೂ ಬೇಕಾಗಿಲ್ಲ. ಪ್ರಾಧಿಕಾರದ ಇನ್ನೊಂದು ಸುತ್ತೋಲೆ ಸಾಕು.