ಅರ ಕೆಳಗಿಟ್ಟ ಮೇಲಿನ ಕೆಲಸ

ಸಿನಿಮಾ ಕ್ಯಾಮೆರಾದೊಳಗೆ ಬೆಳಕು ಫಿಲ್ಮಿಗೆ ತಾಗುವ ಆಯತಾಕಾರದ ಕಿಂಡಿಯೇ ಗೇಟ್. ಸಾಮಾನ್ಯ 16 ಎಂ.ಎಂ. ಕ್ಯಾಮೆರಾದಲ್ಲಿ ಅದರ ಅಗಲ 10.26 ಮಿ.ಮೀ. ಧ್ವನಿಪಟ್ಟಿಗೆಂದು ಬಿಡುತ್ತಿದ್ದ ಅಂಚನ್ನೂ ಚಿತ್ರಕ್ಕೆ ಬಳಸಿಕೊಂಡು, 1970ರ ಸುಮಾರಿಗೆ ಸ್ವೀಡನ್ನಿನ ಛಾಯಾಗ್ರಾಹಕ ರೂನೆ ಎರಿಕ್ಸನ್ ಅದನ್ನು 12.52 ಮಿ.ಮೀ.ಗೆ ಹಿಗ್ಗಿಸಿದರು. ಸೂಪರ್ 16 ಹುಟ್ಟಿದ್ದು ಹೀಗೆ. ‘ಲೀವಿಂಗ್ ಲಾಸ್ ವೇಗಸ್’ (1995), ‘ಕ್ಯಾರಲ್’ (2015) ಚಿತ್ರೀಕರಣಗೊಂಡದ್ದು ಇದರಲ್ಲೇ.

ಹಳೆಯ ಕ್ಯಾಮೆರಾಗಳನ್ನು ಈ ಅಳತೆಗೆ ಒಗ್ಗಿಸುವವರು ಇಂದಿಗೂ ಇದ್ದಾರೆ. ಸೋವಿಯತ್ ಕಾಲದ, ಕೀಲಿ ಕೊಟ್ಟು ಓಡಿಸುವ ಕ್ರಾಸ್ನೊಗೋರ್ಸ್ಕ್-3 ಕ್ಯಾಮೆರಾದ ಗೇಟಿಗಂತೂ ಹವ್ಯಾಸಿಗಳು ಮನೆಯಲ್ಲೇ ಅರ ಹಿಡಿಯುತ್ತಾರೆ. ಕಿಂಡಿ ಎಷ್ಟು ಅಗಲವಾಯಿತು ಎಂಬುದನ್ನೇ ಎಲ್ಲರೂ ಮೆಚ್ಚುತ್ತಾರೆ. ಆದರೆ ಕೆಲಸದ ಯೋಗ್ಯತೆ ಗೊತ್ತಾಗುವುದು ಅರ ಕೆಳಗಿಟ್ಟ ಮೇಲೆ.

ಅರ ತಾಗಿದ ಅಂಚಿನಲ್ಲಿ ಬರಿಗಣ್ಣಿಗೆ ಕಾಣದ ಲೋಹದ ಮುಳ್ಳುಗಳು ಏಳುತ್ತವೆ. ಫಿಲ್ಮಿನ ಎಮಲ್ಶನ್ ಬದಿ ಲೆನ್ಸಿನತ್ತಲೇ ಇರುವುದರಿಂದ ಗೇಟಿನ ಮಗ್ಗುಲಲ್ಲಿ ಸಾಗುವುದು ಆ ಮೆದು ಪದರವೇ. ನೂರು ಅಡಿಯ ಸುರುಳಿಯಲ್ಲಿ 4,000 ಚೌಕಟ್ಟುಗಳು. ಮುಳ್ಳು ಒಂದೇ ಇದ್ದರೂ ಅಷ್ಟಕ್ಕೂ ಉದ್ದ ಗೀರು ಬೀಳಬಹುದು. ಫಿಲ್ಮಿನ ಹಿಂಬದಿಯ ಗೀರನ್ನಾದರೆ ದ್ರವದಲ್ಲಿ ತೋಯಿಸಿ ಮುದ್ರಿಸುವಾಗ ಮರೆಮಾಚಬಹುದು. ಎಮಲ್ಶನ್ನೇ ಕಿತ್ತುಹೋದರೆ ಅಲ್ಲಿದ್ದ ಚಿತ್ರವೂ ಹೋಯಿತು. ಸಾಲದ್ದಕ್ಕೆ, ಆ ಮುಳ್ಳಿಗೆ ಸಿಕ್ಕಿದ ಎಳೆ ಪರದೆಯ ಅಂಚಿನಲ್ಲಿ ಕರೀ ಕೂದಲಾಗಿ ಕುಣಿಯುತ್ತದೆ.

ಹಾಗಾಗಿ ಬಲ್ಲವರು ಆತುರಪಡುವುದಿಲ್ಲ. ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ 400, 600, 1000, 2000 ಗ್ರಿಟ್ ಎಂದು ಹಂತಹಂತವಾಗಿ ನಯಗೊಳಿಸಿ, ಭೂತಗನ್ನಡಿಯಲ್ಲಿ ನೋಡಿ, ಲೋಹದ ಪುಡಿಯ ಕಣವೂ ಉಳಿಯದಂತೆ ತೊಳೆಯುತ್ತಾರೆ. ಚಿತ್ರದ ಹೊಸ ಭಾಗ ಹಾದುಹೋಗುವ ರೋಲರುಗಳನ್ನೂ ಒತ್ತುಪಟ್ಟಿಯನ್ನೂ ಹೀಗೇ ಪರೀಕ್ಷಿಸುತ್ತಾರೆ. ಗೇಟೊಂದನ್ನೇ ಕೊರೆದು ಇವನ್ನು ಮರೆತ ಪರಿವರ್ತನೆ ಅರ್ಧ ಕೆಲಸವೇ ಸರಿ.

ಇದಕ್ಕೆ ತದ್ವಿರುದ್ಧವಾದ ತಪ್ಪು ಹೊಳಪಿನ ಮೋಹ. ಕನ್ನಡಿಯಂತೆ ಮಿಂಚುವ ಅಂಚು ಬೆಳಕನ್ನು ಫಿಲ್ಮಿನ ಮೇಲೆಯೇ ಚೆಲ್ಲುತ್ತದೆ. ನಯಗೊಳಿಸಿದ ಮೇಲೆ ಅದಕ್ಕೆ ಮಿರುಗದ ಕಪ್ಪು ಲೇಪ ಬೇಕೇ ಬೇಕು. ಫಿಲ್ಮ್ ಆತುಕೊಳ್ಳುವ ಹಳಿಗಳನ್ನು ಉಜ್ಜಿ ತೆಳುವಾಗಿಸುವುದಂತೂ ಕ್ಷಮೆಯಿಲ್ಲದ ತಪ್ಪು. ಸಿ-ಮೌಂಟ್ ಎಂಬ ಜೋಡಣೆಯ ಲೆನ್ಸುಗಳಿಗೆ, ಲೆನ್ಸ್ ಕೂರುವ ಮುಖದಿಂದ ಫಿಲ್ಮಿನವರೆಗಿನ ದೂರ 17.526 ಮಿ.ಮೀ. ಎಂದು ನಿಗದಿಯಾಗಿದೆ. ಮಿಲಿಮೀಟರಿನ ಸಾವಿರದ ಪಾಲಿನವರೆಗೆ ನಮೂದಿಸುವ ಅಳತೆ ಅದು! ಹಳಿ ಸವೆದರೆ ಎಷ್ಟು ಒಳ್ಳೆಯ ಲೆನ್ಸ್ ಹಾಕಿದರೂ ಚಿತ್ರ ಮಸುಕೇ.

ಪರಿವರ್ತಿತ ಕ್ಯಾಮೆರಾ ಕೊಳ್ಳುವವರು ಗೇಟಿನ ಅಗಲ ಅಳೆದು ಸಮಾಧಾನಪಡಬಾರದು. ಉಪಯೋಗಕ್ಕೆ ಬಾರದ ಫಿಲ್ಮಿನ ತುಂಡೊಂದನ್ನು ಓಡಿಸಿ, ಎರಡೂ ಬದಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಒಂದೇ ಒಂದು ಗೀರು ಕಂಡರೂ ಆ ಕ್ಯಾಮೆರಾವನ್ನು ಕೊಳ್ಳಬೇಡಿ.